ವಿಷದ ಬಿಂದು, ಎಣ್ಣೆಯ ಪಾತ್ರೆ: ಪ್ರಾಚೀನ ಗ್ರಂಥಗಳಲ್ಲಿ ಗರ್ಭಿಣಿಯ ರಕ್ಷಣೆ

ಮೌರ್ಯ ಚಕ್ರವರ್ತಿ ಬಿಂದುಸಾರನಿಗೆ ಆ ಹೆಸರು ಬಂದುದು ಹೇಗೆ ಎಂಬುದನ್ನು ಕುರಿತು ಜೈನ ಪರಂಪರೆಯಲ್ಲಿ ಒಂದು ಕಥೆಯಿದೆ. 12ನೆಯ ಶತಮಾನದ ಹೇಮಚಂದ್ರಾಚಾರ್ಯರು ತಮ್ಮ 'ಪರಿಶಿಷ್ಟಪರ್ವ'ದಲ್ಲಿ ಅದನ್ನು ಸಂಗ್ರಹಿಸಿದ್ದಾರೆ. ಶತ್ರುಗಳು ವಿಷವಿಕ್ಕಿ ಕೊಲ್ಲಬಾರದೆಂದು ಚಾಣಕ್ಯನು ಚಂದ್ರಗುಪ್ತನ ಆಹಾರದಲ್ಲಿ ದಿನದಿನಕ್ಕೂ ಸ್ವಲ್ಪ ಸ್ವಲ್ಪವಾಗಿ ವಿಷವನ್ನು ಬೆರೆಸಿ, ಅವನ ದೇಹವನ್ನು ವಿಷಕ್ಕೆ ಪಳಗಿಸುತ್ತಿದ್ದನಂತೆ. ಒಂದು ದಿನ ತುಂಬು ಬಸುರಿಯಾಗಿದ್ದ ರಾಣಿ ದುರ್ಧರೆ ಅರಸನೊಡನೆ ಕುಳಿತು ಅದೇ ಅನ್ನವನ್ನು ಉಂಡಳು. ಅರಸನಿಗೆ ನಿತ್ಯದ ಊಟವಾಗಿದ್ದುದು ಅವಳ ಪ್ರಾಣವನ್ನೇ ತೆಗೆಯಿತು. ಮಗುವನ್ನಾದರೂ ಉಳಿಸಬೇಕೆಂದು ಚಾಣಕ್ಯನು ಅವಳ ಗರ್ಭವನ್ನು ಸೀಳಿ ಶಿಶುವನ್ನು ಹೊರತೆಗೆದನು. ಅಷ್ಟರಲ್ಲಿ ವಿಷದ ಒಂದು ಬಿಂದು ಮಗುವಿನ ನೆತ್ತಿಯನ್ನು ಮುಟ್ಟಿತ್ತು. ಆದ್ದರಿಂದ ಅವನು ಬಿಂದುಸಾರನಾದನು.

ಸಿಂಹಳದ ಬೌದ್ಧ ಪರಂಪರೆಯೂ ಈ ಕಥೆಯನ್ನು ಬಲ್ಲುದು. ಮಹಾವಂಸದ ಟೀಕೆಯಲ್ಲಿ ವಿವರಗಳು ಬೇರೆಯಾಗಿದ್ದು, ಅಲ್ಲಿ ಬಿಂದುಗಳು ವಿಷದವಲ್ಲ, ರಕ್ತದವು. ಇದನ್ನು ಚರಿತ್ರೆಯ ಘಟನೆಯೆಂದು ಒಪ್ಪುವ ಅಗತ್ಯವಿಲ್ಲ. ಹೆಸರೊಂದಕ್ಕೆ ಅರ್ಥ ಹೇಳಲು ಹುಟ್ಟಿದ ಕಥೆಗಳು ನಮ್ಮ ಪುರಾಣ ಸಾಹಿತ್ಯದಲ್ಲಿ ಹೇರಳವಾಗಿವೆ. ಗ್ರೀಕ್ ಲೇಖಕರು ಇದೇ ಅರಸನನ್ನು ಬೇರೊಂದು ಹೆಸರಿನಿಂದ, ಅಮಿತ್ರೋಖಾಟೀಸ್ ಎಂದು ಕರೆದಿದ್ದಾರೆ. ಆದರೆ ಘಟನೆ ನಡೆಯದಿದ್ದರೂ ಕಥೆಯನ್ನು ಕಟ್ಟಿದವರ ತಿಳಿವಳಿಕೆ ಚರಿತ್ರೆಯ ಸಂಗತಿಯೇ. ಚಂದ್ರಗುಪ್ತನ ಹೆಸರನ್ನು ಶ್ರವಣಬೆಳಗೊಳದ ಚಂದ್ರಗಿರಿಯೊಡನೆ ಜೋಡಿಸಿಕೊಂಡಿರುವ ನಾಡಿನವರಾದ ನಾವು ಈ ಕಥೆಯನ್ನು ಇನ್ನಷ್ಟು ಹತ್ತಿರದಿಂದ ನೋಡಬಹುದು.

ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಈ ಕಥೆಯನ್ನು ಹೇಳಿ ಮುಗಿಸಿದಾಗ ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, "ಸರ್, ಇದರಲ್ಲಿ ರಾಣಿಯ ತಪ್ಪೇನು?" ಎಂದು ಕೇಳಿದಳು. ಆ ಹೊತ್ತಿಗೆ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಗರ್ಭಿಣಿಯು ಏನನ್ನು ವರ್ಜಿಸಬೇಕು ಎಂಬ ವಿಷಯವಾಗಿ ನಮ್ಮ ಗ್ರಂಥಗಳು ಹೇಳಿರುವುದನ್ನು ಆ ಪ್ರಶ್ನೆಯ ಬೆಳಕಿನಲ್ಲಿ ಮತ್ತೆ ಓದಿದುದರ ಫಲ ಈ ಬರಹ.

ತಾಯಿಯ ಅನ್ನ, ಮಗುವಿನ ಅನ್ನ

ಕಥೆಯ ಒಳಗೆ ಎರಡು ತಿಳಿವಳಿಕೆಗಳು ಅಡಗಿವೆ. ಒಬ್ಬರ ದೇಹ ತಾಳಬಲ್ಲ ಪ್ರಮಾಣವು ಇನ್ನೊಬ್ಬರಿಗೆ ಮಾರಕವಾಗಬಹುದು ಎಂಬುದು ಒಂದು. ತಾಯಿ ಉಂಡದ್ದು ಮಗುವನ್ನು ತಲುಪುತ್ತದೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಜೈನ ಆಗಮದಲ್ಲಿಯೇ ಸ್ಪಷ್ಟವಾದ ನೆಲೆಯಿದೆ. ಭಗವತೀಸೂತ್ರವೆಂದು ಹೆಸರಾದ ವ್ಯಾಖ್ಯಾಪ್ರಜ್ಞಪ್ತಿಯ ಮೊದಲ ಶತಕದಲ್ಲಿ ಗರ್ಭಸ್ಥ ಜೀವದ ಆಹಾರವನ್ನು ಕುರಿತ ಪ್ರಶ್ನೋತ್ತರವಿದೆ. ಗರ್ಭದ ಜೀವವು ಬಾಯಿಂದ ತುತ್ತು ಉಣ್ಣುವುದಿಲ್ಲ. ತಾಯಿ ಸೇವಿಸಿದ ಆಹಾರದ ರಸವನ್ನು ಹೀರಿಕೊಳ್ಳುತ್ತದೆ. ತಾಯಿಯ ಜೀವಕ್ಕೂ ಮಗುವಿನ ಜೀವಕ್ಕೂ ಸಂಬಂಧಿಸಿದ ರಸಹರಣಿಗಳೆಂಬ ನಾಡಿಗಳ ಮೂಲಕ ಈ ವ್ಯವಹಾರ ನಡೆಯುತ್ತದೆ ಎಂಬುದು ಅಲ್ಲಿನ ನಿರೂಪಣೆ. ಸುಶ್ರುತಸಂಹಿತೆಯೂ ಮಗುವಿನ ಹೊಕ್ಕುಳ ನಾಡಿಯು ತಾಯಿಯ ರಸವಾಹಿನಿಗೆ ಸೇರಿಕೊಂಡಿದೆಯೆಂದು ಹೇಳುತ್ತದೆ.

ಇದನ್ನು ಇಂದಿನ ಶರೀರಶಾಸ್ತ್ರಕ್ಕೆ ಸಮವೆಂದು ನಾನು ಹೇಳುತ್ತಿಲ್ಲ. ಮಾಸುಚೀಲದ ರಚನೆ, ರಕ್ತದ ಸಂಚಾರ ಇವುಗಳ ಅರಿವು ಆ ಕಾಲಕ್ಕೆ ಇರಲಿಲ್ಲ. ಆದರೂ ತಾಯಿಗೂ ಮಗುವಿಗೂ ನಡುವೆ ಗೋಡೆಯಿಲ್ಲ, ಹಾದಿಯಿದೆ ಎಂಬ ಕಲ್ಪನೆ ಈ ಗ್ರಂಥಗಳಲ್ಲಿ ದೃಢವಾಗಿದೆ. ಇದು ಸಣ್ಣ ಮಾತಲ್ಲವೆಂಬುದು ಮುಂದೆ ತಿಳಿಯುತ್ತದೆ.

ಗರ್ಭೋಪಘಾತಕರ ಭಾವಗಳು

ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಗರ್ಭಕ್ಕೆ ಕೇಡು ತರುವ ಸಂಗತಿಗಳ ದೀರ್ಘವಾದ ಪಟ್ಟಿಯಿದೆ. ಏರುಪೇರಾದ, ಗಡುಸಾದ ಆಸನದ ಮೇಲೆ ಕುಳಿತುಕೊಳ್ಳುವುದು, ಮಲಮೂತ್ರಗಳ ವೇಗವನ್ನು ತಡೆಯುವುದು, ಅಭ್ಯಾಸವಿಲ್ಲದ ಕಠಿನ ಶ್ರಮ, ಅತಿಯಾದ ಖಾರ ಮತ್ತು ಉಷ್ಣದ ಪದಾರ್ಥಗಳು, ಅರೆಹೊಟ್ಟೆಯ ಊಟ, ಹೊಟ್ಟೆಗೆ ಪೆಟ್ಟು ಬೀಳುವುದು, ಕುಲುಕಾಡುವ ಬಂಡಿಯ ಪ್ರಯಾಣ, ಆಳವಾದ ಬಾವಿಯನ್ನೋ ಪ್ರಪಾತವನ್ನೋ ಇಣುಕಿ ನೋಡುವುದು, ಅಪ್ರಿಯವಾದ ಭಾರಿ ಸದ್ದನ್ನು ಕೇಳುವುದು ಇವೆಲ್ಲ ಅದರಲ್ಲಿ ಬರುತ್ತವೆ. ಮುಂದೆ, ತಾಯಿಯ ಯಾವ ರೂಢಿಯಿಂದ ಮಗುವಿನಲ್ಲಿ ಯಾವ ದೋಷ ಕಾಣುತ್ತದೆ ಎಂಬ ವಿವರಣೆಯಿದೆ. ಸದಾ ದುಃಖದಲ್ಲಿರುವ ತಾಯಿಯ ಮಗು ಅಂಜುಬುರುಕವೂ ಕೃಶವೂ ಅಲ್ಪಾಯುವೂ ಆಗುತ್ತದೆ ಎನ್ನಲಾಗಿದೆ. ಒಂದೊಂದು ರಸವನ್ನು ಅತಿಯಾಗಿ ಸೇವಿಸಿದರೂ ಒಂದೊಂದು ಕೇಡು ಉಂಟು.

ಈ ಪಟ್ಟಿಯಲ್ಲಿ ಇಂದಿನ ಓದುಗನ ಕಣ್ಣಿಗೆ ಬೀಳುವ ಒಂದು ಮಾತಿದೆ. ನಿತ್ಯವೂ ಮದ್ಯ ಸೇವಿಸುವ ಗರ್ಭಿಣಿಗೆ ಬಾಯಾರಿಕೆ ಹೆಚ್ಚಿರುವ, ನೆನಪು ಕಡಿಮೆಯಿರುವ, ಚಿತ್ತ ನೆಲೆನಿಲ್ಲದ ಮಗು ಹುಟ್ಟುತ್ತದೆ ಎಂದು ಚರಕ ಹೇಳುತ್ತಾನೆ. ಫ್ರಾನ್ಸಿನ ನಾಂತ್ ನಗರದ ವೈದ್ಯ ಲೆಮ್ವಾನ್ ಮತ್ತು ಅವರ ಸಂಗಡಿಗರು ಕುಡಿತದ ಚಟವಿದ್ದ ತಂದೆತಾಯಿಗಳ ಮಕ್ಕಳನ್ನು ಪರೀಕ್ಷಿಸಿ 1968ರಲ್ಲಿ ವರದಿ ಪ್ರಕಟಿಸಿದರು. ಅದನ್ನು ಹೆಚ್ಚಿನವರು ಗಮನಿಸಲಿಲ್ಲ. 1973ರಲ್ಲಿ ಅಮೆರಿಕದ ಸಿಯಾಟಲ್ ನಗರದ ಜೋನ್ಸ್ ಮತ್ತು ಸ್ಮಿತ್ ಇದೇ ಸ್ಥಿತಿಯನ್ನು ವಿವರಿಸಿ ಅದಕ್ಕೆ ಹೆಸರಿಟ್ಟ ಮೇಲೆಯೇ ವೈದ್ಯಲೋಕ ಎಚ್ಚೆತ್ತಿತು. ಕುಗ್ಗಿದ ಬೆಳವಣಿಗೆ, ಮುಖದ ವಿಶಿಷ್ಟ ಲಕ್ಷಣಗಳು, ಕಲಿಕೆಯ ತೊಂದರೆ, ಏಕಾಗ್ರತೆಯ ಕೊರತೆ ಅದರ ಗುರುತುಗಳು. ಗರ್ಭಿಣಿಗೆ ಮದ್ಯದ ಯಾವ ಪ್ರಮಾಣವೂ ಸುರಕ್ಷಿತವೆಂದು ಹೇಳಲಾಗದು ಎಂಬುದೇ ಇಂದಿನ ವೈದ್ಯರ ನಿಲುವು.

ಇಲ್ಲಿ ಸಂಶೋಧಕನು ಎಚ್ಚರದಿಂದಿರಬೇಕು. ಚರಕನ ಆ ಒಂದು ಮಾತನ್ನು ಎತ್ತಿಕೊಂಡು "ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು" ಎಂದು ಸಾರುವುದು ಸುಲಭ. ಆದರೆ ಅದೇ ಪಟ್ಟಿಯಲ್ಲಿ ಉಡದ ಮಾಂಸ ತಿಂದರೆ ಮಗುವಿಗೆ ಮೂತ್ರದ ಕಲ್ಲು ಬರುತ್ತದೆ, ಉಪ್ಪು ಹೆಚ್ಚಾದರೆ ಬೇಗನೆ ಕೂದಲು ನರೆಯುತ್ತದೆ ಎಂಬ ಮಾತುಗಳೂ ಇವೆ. ಅವನ್ನು ಯಾವ ಪರೀಕ್ಷೆಯೂ ಸಮರ್ಥಿಸಿಲ್ಲ. ಬಹುಕಾಲದ ಅವಲೋಕನದಿಂದ ಬಂದುದು, ಸಾದೃಶ್ಯದಿಂದ ಊಹಿಸಿದ್ದು, ಲೋಕರೂಢಿಯಿಂದ ಸೇರಿದ್ದು ಎಲ್ಲವೂ ಒಂದೇ ಪಟ್ಟಿಯಲ್ಲಿ ಬೆರೆತಿವೆ. ಗ್ರಂಥವನ್ನು ಗೌರವಿಸುವುದೆಂದರೆ ಅವುಗಳನ್ನು ಬಿಡಿಸಿ ನೋಡುವುದು.

ತೈಲಪಾತ್ರೆಯ ಉಪಮೆ

ಪಟ್ಟಿಗಿಂತ ದೊಡ್ಡದು ಅದರ ಹಿಂದಿನ ಮನೋಭಾವ. ಗರ್ಭಿಣಿಯನ್ನು, ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆಯನ್ನು ಕದಲದಂತೆ ಹಿಡಿದೊಯ್ಯುವವನ ಹಾಗೆ ನೋಡಿಕೊಳ್ಳಬೇಕೆಂದು ಚರಕನು ಅದೇ ಅಧ್ಯಾಯದಲ್ಲಿ ಹೇಳುತ್ತಾನೆ. ಅವಳಿಗೆ ರೋಗ ಬಂದರೆ ಮೃದುವಾದ, ಮಧುರವಾದ, ಶೀತವಾದ ಔಷಧವನ್ನೇ ಕೊಡಬೇಕು. ವಮನ, ವಿರೇಚನ, ರಕ್ತಮೋಕ್ಷಣದಂತಹ ಉಗ್ರ ಚಿಕಿತ್ಸೆಗಳನ್ನು ಮಾಡಬಾರದು. ಇಲ್ಲಿ ಎಚ್ಚರಿಕೆಯ ಮಾತು ವೈದ್ಯನಿಗೂ ಅನ್ವಯಿಸುತ್ತದೆ. ಔಷಧವೇ ಅಪಾಯವಾಗಬಹುದು ಎಂಬ ಅರಿವು ಇದರಲ್ಲಿದೆ.

ಎಣ್ಣೆಯ ಪಾತ್ರೆ ಜೈನ ಪ್ರವಚನಗಳನ್ನು ಕೇಳಿದವರಿಗೆ ಹೊಸದಲ್ಲ. ಷಟ್ಖಂಡ ಭೂಮಿಯನ್ನು ಆಳುತ್ತಲೇ ನಿರ್ಲಿಪ್ತನಾಗಿರುವುದು ಹೇಗೆಂದು ಶಂಕಿಸಿದವನ ಕೈಗೆ ಭರತ ಚಕ್ರವರ್ತಿಯು ತುಂಬಿದ ಎಣ್ಣೆಯ ಬಟ್ಟಲನ್ನು ಕೊಟ್ಟು, ಒಂದು ಹನಿಯೂ ಚೆಲ್ಲದಂತೆ ನಗರವನ್ನು ಸುತ್ತಿ ಬರಲು ಹೇಳಿದ ಕಥೆ ಅದು. ಅಲ್ಲಿ ಅದು ಆತ್ಮದ ಎಚ್ಚರಕ್ಕೆ ದೃಷ್ಟಾಂತ. ಇಲ್ಲಿ ಎರಡು ಜೀವಗಳ ಪಾಲನೆಗೆ. ಗಮನಿಸಬೇಕಾದುದೆಂದರೆ, ಚರಕನ ಉಪಮೆಯಲ್ಲಿ ಗರ್ಭಿಣಿಯೇ ಪಾತ್ರೆ. ಪಾತ್ರೆಯನ್ನು ಹಿಡಿದವರು ಸುತ್ತಲಿನವರು. ಚೆಲ್ಲದಂತೆ ನಡೆಯುವ ಹೊಣೆ ಹಿಡಿದವರದು.

ಜೈನ ಕಥೆಗಳಲ್ಲಿಯೂ ಇದೇ ಎಚ್ಚರ ಕಾಣುತ್ತದೆ. ಶ್ವೇತಾಂಬರ ಪರಂಪರೆಯ ಕಲ್ಪಸೂತ್ರದಲ್ಲಿ ತ್ರಿಶಲಾದೇವಿಯು ಅತಿ ಶೀತವೂ ಅತಿ ಉಷ್ಣವೂ ಅಲ್ಲದ, ಅತಿ ಕಹಿ, ಖಾರ, ಹುಳಿ, ಸಿಹಿಗಳಿಲ್ಲದ ಆಹಾರವನ್ನು ಋತುವಿಗೆ ತಕ್ಕಂತೆ ಸೇವಿಸಿ, ಶೋಕ ಭಯಗಳಿಂದ ದೂರವಿದ್ದಳೆಂಬ ವರ್ಣನೆ ಬರುತ್ತದೆ. ಜ್ಞಾತಧರ್ಮಕಥೆಯ ಧಾರಿಣೀದೇವಿಯ ಪ್ರಸಂಗದಲ್ಲಿಯೂ ಇಂತಹದೇ ವರ್ಣನೆಯಿದೆ. ದಿಗಂಬರ ಪರಂಪರೆಗೆ ಬಂದರೆ, 9ನೆಯ ಶತಮಾನದ ಜಿನಸೇನಾಚಾರ್ಯರ ಆದಿಪುರಾಣವು ಗರ್ಭಾನ್ವಯ ಕ್ರಿಯೆಗಳನ್ನು ಹೇಳುವಾಗ ಮೂರನೆಯ ತಿಂಗಳಿಗೆ ಪ್ರೀತಿ, ಐದನೆಯದಕ್ಕೆ ಸುಪ್ರೀತಿ, ಏಳನೆಯದಕ್ಕೆ ಧೃತಿ, ಒಂಬತ್ತನೆಯದಕ್ಕೆ ಮೋದ ಎಂಬ ಸಂಸ್ಕಾರಗಳನ್ನು ವಿಧಿಸುತ್ತದೆ. ಹೆಸರುಗಳೇ ಅರ್ಥವನ್ನು ಹೇಳುತ್ತವೆ: ಪ್ರೀತಿ, ಧೈರ್ಯ, ಸಂತೋಷ. ಎರಡು ತಿಂಗಳಿಗೊಮ್ಮೆ ಮನೆಮಂದಿಯೆಲ್ಲ ಬಸುರಿಯ ಕಡೆಗೆ ತಿರುಗಿ ನೋಡುವ ಒಂದು ಕ್ರಮ ಈ ಕ್ರಿಯೆಗಳಲ್ಲಿದೆ.

ಬಯಕೆ ಎಂಬ ಬಿಕ್ಕಟ್ಟು

ಬಸುರಿಯ ಬಯಕೆಯನ್ನು ತೀರಿಸಬೇಕೆಂಬುದು ನಮ್ಮ ನಾಡಿನ ಹಳೆಯ ನಂಬಿಕೆ. ಗರ್ಭ ಧರಿಸಿದವಳಲ್ಲಿ ಎರಡು ಹೃದಯಗಳಿರುವುದರಿಂದ ಅವಳು ದೌಹೃದಿನಿ. ಅವಳ ಬಯಕೆ ಮಗುವಿನ ಬಯಕೆಯೂ ಹೌದು ಎಂಬುದು ವೈದ್ಯಗ್ರಂಥಗಳ ವಿವರಣೆ. ಹಾಗಾದರೆ ಬಯಸಿದ್ದೇ ಕೇಡಿನ ಪದಾರ್ಥವಾದರೆ ಏನು ಮಾಡಬೇಕು? ಗರ್ಭಕ್ಕೆ ಹಾನಿ ತರುವುದರ ಹೊರತಾಗಿ ಉಳಿದುದನ್ನು ಕೊಡಬೇಕು. ಬಯಕೆ ತೀರ ತೀವ್ರವಾಗಿದ್ದರೆ ಅಹಿತವಾದುದನ್ನೂ ಹಿತವಾದುದರೊಡನೆ ಬೆರೆಸಿ ಕೊಡಬಹುದು ಎಂದು ಚರಕನು ಉಪಾಯ ಹೇಳುತ್ತಾನೆ.

ನಿರಯಾವಲಿ ಸೂತ್ರದಲ್ಲಿ ಬರುವ ಚೇಲನಾದೇವಿಯ ಕಥೆ ಈ ಉಪಾಯದ ಕಥಾರೂಪದಂತಿದೆ. ಕೂಣಿಕನನ್ನು ಹೊತ್ತ ಅವಳಿಗೆ ಪತಿಯಾದ ಶ್ರೇಣಿಕನ ಮಾಂಸವನ್ನೇ ತಿನ್ನುವ ಘೋರ ಬಯಕೆ ಉಂಟಾಗುತ್ತದೆ. ಅದನ್ನು ಬಾಯಿಬಿಟ್ಟು ಹೇಳಲಾರದೆ ಅವಳು ಸೊರಗುತ್ತಾಳೆ. ಆಗ ಅಭಯಕುಮಾರನು ಯುಕ್ತಿ ಹೂಡಿ, ಬೇರೆ ಮಾಂಸವನ್ನು ಅರಸನದೆಂದು ತೋರಿಸಿ ಅವಳ ಬಯಕೆಯನ್ನು ತೀರಿಸುತ್ತಾನೆ. ಕಥೆಯ ಉದ್ದೇಶ ಕೂಣಿಕನ ಮುಂದಿನ ಪಿತೃದ್ರೋಹವನ್ನು ಸೂಚಿಸುವುದು. ಆದರೂ ಹೇಳಿಕೊಳ್ಳಲಾಗದ ಬಯಕೆಯಿಂದ ಬಸುರಿಯೊಬ್ಬಳು ಒಳಗೊಳಗೇ ಬೇಯುವ ಚಿತ್ರ ಮನುಷ್ಯಸಹಜವಾದುದು.

ಕಾಳಿದಾಸನ ರಘುವಂಶದ ಮೂರನೆಯ ಸರ್ಗದಲ್ಲಿ ಗರ್ಭಿಣಿ ಸುದಕ್ಷಿಣೆಯ ಬಾಯಿಂದ ಮಣ್ಣಿನ ಪರಿಮಳ ಬರುತ್ತದೆ. ಅವಳು ಮಣ್ಣು ತಿಂದಿದ್ದಾಳೆ. ಮುಂದೆ ಭೂಮಿಯನ್ನು ಅನುಭವಿಸಲಿರುವ ಮಗನಿಗೆ ಇದು ತಕ್ಕ ಬಯಕೆಯೆಂದು ಕವಿ ಸೊಗಸಾಗಿ ಕಲ್ಪಿಸುತ್ತಾನೆ. ನಮ್ಮ ಹಳ್ಳಿಗಳಲ್ಲಿ ಬಸುರಿಯರು ಕೆಮ್ಮಣ್ಣನ್ನೋ ಬಳಪವನ್ನೋ ಕದ್ದು ತಿನ್ನುವುದನ್ನು ಕಂಡವರಿಗೆ ಈ ಪ್ರಸಂಗದ ವಾಸ್ತವ ಹೊಳೆಯುತ್ತದೆ. ಇಂತಹ ಬಯಕೆಗೂ ರಕ್ತಹೀನತೆಗೂ, ಅದರಲ್ಲೂ ಕಬ್ಬಿಣಾಂಶದ ಕೊರತೆಗೂ ನಂಟಿದೆಯೆಂದು ಇಂದಿನ ವೈದ್ಯರು ಹೇಳುತ್ತಾರೆ. ಮಣ್ಣಿನ ಜೊತೆಗೆ ಜಂತುಹುಳುವಿನ ಮೊಟ್ಟೆಗಳೂ ಸೀಸದಂತಹ ಲೋಹಗಳೂ ಹೊಟ್ಟೆ ಸೇರಬಹುದು. ಕಾವ್ಯಕ್ಕೆ ಅದು ಶುಭಸೂಚನೆ. ವೈದ್ಯಕ್ಕೆ ಅದು ರೋಗಲಕ್ಷಣ. ಎರಡನ್ನೂ ಬಲ್ಲವನು ಕಾವ್ಯವನ್ನು ಸವಿದು, ಮನೆಯ ಬಸುರಿಗೆ ರಕ್ತಪರೀಕ್ಷೆ ಮಾಡಿಸುತ್ತಾನೆ.

ಜೈನ ವೈದ್ಯ ಮತ್ತು ಮದ್ಯ, ಮಾಂಸ, ಮಧು

ಮದ್ಯ, ಮಾಂಸ, ಮಧುಗಳ ತ್ಯಾಗ ಶ್ರಾವಕನ ಮೂಲಗುಣಗಳಲ್ಲಿ ಸೇರಿದೆ. ಈ ತ್ಯಾಗವನ್ನು ವೈದ್ಯಶಾಸ್ತ್ರಕ್ಕೂ ವಿಸ್ತರಿಸಿದವರು ಕರ್ನಾಟಕದ ಜೈನ ವೈದ್ಯರು. ಉಗ್ರಾದಿತ್ಯಾಚಾರ್ಯರ ಸಂಸ್ಕೃತ 'ಕಲ್ಯಾಣಕಾರಕ'ದ ಕೊನೆಯಲ್ಲಿರುವ ಹಿತಾಹಿತಾಧ್ಯಾಯವು ನೃಪತುಂಗನ ಸಭೆಯಲ್ಲಿ ಮಾಂಸಾಹಾರವನ್ನು ನಿರಾಕರಿಸಿ ಮಂಡಿಸಿದ ವಾದವೆಂದು ಪ್ರಸಿದ್ಧವಾಗಿದೆ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಅನುಸರಿಸಿ 'ಕರ್ಣಾಟಕ ಕಲ್ಯಾಣಕಾರಕ'ವನ್ನು ಕನ್ನಡದಲ್ಲಿ ರಚಿಸಿದನು. ಮದ್ಯ, ಮಾಂಸ, ಮಧುಗಳಿಲ್ಲದ ಚಿಕಿತ್ಸೆ ಅದರ ವೈಶಿಷ್ಟ್ಯ. ಚರಕನು ಮೂರನೆಯ ತಿಂಗಳಿನ ಗರ್ಭಿಣಿಗೆ ಹಾಲಿನೊಡನೆ ಜೇನುತುಪ್ಪವನ್ನೂ ತುಪ್ಪವನ್ನೂ ಹೇಳುತ್ತಾನೆ. ಜೈನ ವೈದ್ಯನಿಗೆ ಆ ಜೇನು ನಿಷಿದ್ಧ. ಹೀಗೆ ಪರಂಪರೆಯಿಂದ ಬಂದ ಪ್ರತಿಯೊಂದು ಯೋಗವನ್ನೂ ಅವನು ಪುನಃ ಪರಿಶೀಲಿಸಲೇಬೇಕಾಯಿತು.

ಈ ತ್ಯಾಗದ ಪ್ರೇರಣೆ ಅಹಿಂಸೆ, ಆರೋಗ್ಯವಲ್ಲ. ಇದನ್ನು ಮರೆಯಬಾರದು. ಆದರೂ ಮದ್ಯವನ್ನು ಬಿಟ್ಟ ಮನೆಯ ಬಸುರಿಗೆ ಅದರ ಕೇಡು ತಪ್ಪಿದುದು ವ್ರತದ ಜೊತೆಗೆ ಬಂದ ಲಾಭ. 1360ರ ಸುಮಾರಿಗೆ ಒಂದನೆಯ ಮಂಗರಾಜನು 'ಖಗೇಂದ್ರಮಣಿದರ್ಪಣ'ವೆಂಬ ವಿಷವೈದ್ಯ ಗ್ರಂಥವನ್ನು 16 ಅಧಿಕಾರಗಳಲ್ಲಿ ಬರೆದನು. ದೇವೇಂದ್ರಮುನಿಯ 'ಬಾಲಗ್ರಹಚಿಕಿತ್ಸೆ' ಮಕ್ಕಳ ರೋಗಗಳನ್ನು ಕುರಿತದ್ದು. ವಿಷವನ್ನೂ ಶಿಶುವನ್ನೂ ಕನ್ನಡದಲ್ಲಿ ಶಾಸ್ತ್ರವಾಗಿ ಚಿಂತಿಸಿದ ಈ ಕೃತಿಗಳತ್ತ ಸಾಹಿತ್ಯದ ವಿದ್ಯಾರ್ಥಿಗಳು ಕಣ್ಣು ಹಾಯಿಸುವುದು ವಿರಳ. ಕಾವ್ಯವಲ್ಲವೆಂಬುದೇ ಅದಕ್ಕೆ ಕಾರಣ.

ಗ್ರಂಥಗಳು ಅರಿಯದ ವಿಷಗಳು

ಹಳೆಯ ಪಟ್ಟಿ ಎಷ್ಟೇ ದೀರ್ಘವಾಗಿರಲಿ, ಅದರ ಕಾಲಕ್ಕೆ ಇಲ್ಲದ ಅಪಾಯಗಳು ಅದರಲ್ಲಿ ಇರಲಾರವು. ಹೊಗೆಸೊಪ್ಪು ಇದಕ್ಕೆ ಉತ್ತಮ ನಿದರ್ಶನ. ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಬಂದ ಈ ಸೊಪ್ಪನ್ನು ಅಕ್ಬರನ ಆಸ್ಥಾನಿಕ ಅಸದ್ ಬೇಗ್ ಬಿಜಾಪುರದಲ್ಲಿ ಕಂಡು, 17ನೆಯ ಶತಮಾನದ ಮೊದಲ ವರ್ಷಗಳಲ್ಲಿ ಚಕ್ರವರ್ತಿಯ ಮುಂದೆ ಒಯ್ದಿಟ್ಟನು. ಚರಕನಾಗಲಿ ಮಂಗರಾಜನಾಗಲಿ ಅದನ್ನು ನಿಷೇಧಿಸದಿದ್ದುದು ಅವರು ಅದನ್ನು ಕಾಣದಿದ್ದುದರಿಂದ. ಧೂಮಪಾನ ಮಾಡುವ ತಾಯಂದಿರ ಶಿಶುಗಳ ತೂಕ ಕಡಿಮೆಯಿರುವುದನ್ನು ಅಮೆರಿಕದ ಸಿಂಪ್ಸನ್ 1957ರಲ್ಲಿ ತೋರಿಸಿದರು. ಬೀಡಿ, ಸಿಗರೇಟುಗಳಷ್ಟೇ ಅಲ್ಲ, ಎಲೆಯಡಿಕೆಯೊಡನೆ ಬಾಯಿಗೆ ಹಾಕುವ ಕಡ್ಡಿಪುಡಿಯೂ ಹೊಗೆಸೊಪ್ಪೇ. ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಸೀಮಂತದಲ್ಲಿ ಬಸುರಿಯ ಮಡಿಲಿಗೆ ಎಲೆಯಡಿಕೆ ಇಡುವುದು ಮಂಗಳದ ಸಂಕೇತ. ಅದು ಮಡಿಲಲ್ಲಿದ್ದರೆ ಸಾಕು.

ಔಷಧವೇ ವಿಷವಾದ ಕಥೆ ಇನ್ನೂ ದಾರುಣವಾದುದು. 1957ರ ಅಕ್ಟೋಬರ್‌ನಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥ್ಯಾಲಿಡೊಮೈಡ್ ಎಂಬ ನಿದ್ರಾಗುಳಿಗೆ ಮಾರುಕಟ್ಟೆಗೆ ಬಂದಿತು. ಅದನ್ನು ಬಸುರಿಯ ವಾಕರಿಕೆಗೂ ಕೊಡುತ್ತಿದ್ದರು. ಮಾಸುಚೀಲವು ತಡೆಗೋಡೆಯಂತೆ ಮಗುವನ್ನು ಕಾಯುತ್ತದೆ ಎಂಬ ನಂಬಿಕೆ ಆಗಿನ ವೈದ್ಯರಲ್ಲಿ ಬಲವಾಗಿತ್ತು. ಗರ್ಭ ನಿಂತ ಸುಮಾರು 20ರಿಂದ 36ನೆಯ ದಿನಗಳ ನಡುವೆ ಅದನ್ನು ಸೇವಿಸಿದ ತಾಯಂದಿರಿಗೆ ಕೈಕಾಲುಗಳು ಬೆಳೆಯದ ಮಕ್ಕಳು ಹುಟ್ಟಿದರು. ಜರ್ಮನಿಯ ಲೆನ್ಜ್ ಮತ್ತು ಆಸ್ಟ್ರೇಲಿಯದ ಮೆಕ್‌ಬ್ರೈಡ್ ಬೇರೆಬೇರೆಯಾಗಿ ಕಾರಣವನ್ನು ಗುರುತಿಸಿದ ಮೇಲೆ 1961ರ ನವೆಂಬರ್‌ನಲ್ಲಿ ಅದನ್ನು ಜರ್ಮನಿಯ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಅಷ್ಟರಲ್ಲಿ ಹಲವು ದೇಶಗಳ ಸಾವಿರಾರು ಮಕ್ಕಳು ಬಲಿಯಾಗಿದ್ದರು. ಸಾಕ್ಷ್ಯ ಸಾಲದೆಂದು ಅಮೆರಿಕದಲ್ಲಿ ಅದರ ಮಾರಾಟಕ್ಕೆ ಒಪ್ಪಿಗೆ ಕೊಡದೆ ತಡೆಹಿಡಿದವರು ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿಣಿ. ಬಿಂದುಸಾರನ ಕಥೆಯನ್ನು ಹೇಳಿದವರಿಗೆ ಗೋಡೆಯಿಲ್ಲವೆಂಬ ಅರಿವಿತ್ತು. 20ನೆಯ ಶತಮಾನ ಅದನ್ನು ಅಪಾರ ಬೆಲೆ ತೆತ್ತು ಕಲಿಯಿತು.

ನಮ್ಮ ಮನೆಯ ಕಡೆಗೂ ನೋಡಬೇಕು. 2011ರಿಂದ 2012ರ ನಡುವೆ ನ್ಯೂಯಾರ್ಕ್ ನಗರದಲ್ಲಿ ಆರು ಮಂದಿ ಗರ್ಭಿಣಿಯರ ರಕ್ತದಲ್ಲಿ ಸೀಸದ ಅಂಶ ಹೆಚ್ಚಿರುವುದು ಪತ್ತೆಯಾಯಿತು. ಅವರು ಸೇವಿಸುತ್ತಿದ್ದುದು ಭಾರತದಿಂದ ತಂದ ಆಯುರ್ವೇದದ ಹೆಸರಿನ ಔಷಧಗಳನ್ನು. ರಸ, ಭಸ್ಮಗಳ ಪರಂಪರೆ ನಮ್ಮಲ್ಲಿ ಹಳೆಯದು. ಆದರೆ ಸೀಸವೂ ಪಾದರಸವೂ ಮಗುವಿನ ಮಿದುಳನ್ನು ಮುಟ್ಟುತ್ತವೆ. ನಾಟಿಯದಾಗಲಿ ಪೇಟೆಯದಾಗಲಿ, ವೈದ್ಯರನ್ನು ಕೇಳದೆ ಬಸುರಿ ಯಾವ ಔಷಧವನ್ನೂ ನುಂಗಬಾರದು. ಬಹುಕಾಲದಿಂದ ತೆಗೆದುಕೊಳ್ಳುತ್ತಿರುವ ಔಷಧವನ್ನು ಕೇಳದೆ ನಿಲ್ಲಿಸಲೂಬಾರದು.

ಜಪಾನಿನ ಮಿನಾಮಾತ ಎಂಬ ಊರಿನ ಚರಿತ್ರೆ ಕೊನೆಯ ನಿದರ್ಶನ. ಕಾರ್ಖಾನೆಯೊಂದು ಸಮುದ್ರಕ್ಕೆ ಬಿಟ್ಟ ಪಾದರಸ ಮೀನುಗಳನ್ನು ಸೇರಿತು. ಮೀನು ಜನರ ಅನ್ನವಾಗಿತ್ತು. ರೋಗ ಅಧಿಕೃತವಾಗಿ ಗಮನಕ್ಕೆ ಬಂದುದು 1956ರಲ್ಲಿ. ಹೆಚ್ಚಿನ ಲಕ್ಷಣಗಳಿಲ್ಲದ ತಾಯಂದಿರ ಮಕ್ಕಳು ತೀವ್ರ ವೈಕಲ್ಯದಿಂದ ಹುಟ್ಟಿದರು. ಮಗುವಿನ ಹೊಕ್ಕುಳಬಳ್ಳಿಯನ್ನು ಒಣಗಿಸಿ ಮನೆಯಲ್ಲಿ ಜೋಪಾನವಾಗಿಡುವ ಪದ್ಧತಿ ಜಪಾನಿನಲ್ಲಿದೆ. ಹಾಗೆ ಇಟ್ಟಿದ್ದ ಬಳ್ಳಿಗಳನ್ನು ಸಂಶೋಧಕರು ಪರೀಕ್ಷಿಸಿದಾಗ ಅವುಗಳಲ್ಲಿ ಪಾದರಸ ಸಿಕ್ಕಿತು. ವಾತ್ಸಲ್ಯದ ಕುರುಹು ಅಪರಾಧದ ಸಾಕ್ಷಿಯಾಯಿತು. ರಸಹರಣಿ ಎಂಬ ಹಳೆಯ ಮಾತು ಓದಿದಾಗಲೆಲ್ಲ ನನಗೆ ಆ ಒಣಗಿದ ಬಳ್ಳಿಗಳು ನೆನಪಾಗುತ್ತವೆ.

ರಾಣಿಯ ತಪ್ಪೇನು?

ಗರ್ಭಿಣಿಯ ವರ್ಜ್ಯಗಳ ಪಟ್ಟಿಯನ್ನು ನಾವು ಬಹುಕಾಲ ಅವಳ ಮೇಲಿನ ಆಜ್ಞೆಗಳಂತೆ ಓದಿದ್ದೇವೆ. ಮಗುವಿಗೆ ಏನಾದರೂ ಕೊರತೆಯಾದರೆ ತಾಯಿ ಏನು ತಿಂದಳು, ಗ್ರಹಣದಲ್ಲಿ ಹೊರಗೆ ಬಂದಳೇ ಎಂದು ಕೇಳುವ ನಾಲಗೆಗಳು ಇಂದಿಗೂ ಇವೆ. ದುರ್ಧರೆಯ ಕಥೆ ಈ ಓದನ್ನು ತಿದ್ದುತ್ತದೆ. ಅವಳು ವಿಷವೆಂದು ತಿಳಿದು ಉಣ್ಣಲಿಲ್ಲ. ಗಂಡನ ತಟ್ಟೆಯ ಅನ್ನವನ್ನು ನಂಬಿದಳು. ಆ ಅನ್ನದಲ್ಲಿ ವಿಷವಿತ್ತೆಂಬುದು ರಾಜ್ಯದ ಗುಟ್ಟಾಗಿತ್ತು. ಬೆರೆಸಿದವನಿಗೆ ಅರಸನ ಸುರಕ್ಷತೆಯ ಲೆಕ್ಕವಿತ್ತೇ ಹೊರತು ಅದೇ ಮನೆಯಲ್ಲಿ ಉಣ್ಣುವ ಬಸುರಿಯ ಲೆಕ್ಕವಿರಲಿಲ್ಲ. ಮಿನಾಮಾತದ ತಾಯಂದಿರು ತಿಂದದ್ದು ತಮ್ಮ ಕಡಲಿನ ಮೀನು. ಜರ್ಮನಿಯ ತಾಯಂದಿರು ನುಂಗಿದ್ದು ವೈದ್ಯರು ಬರೆದುಕೊಟ್ಟ ಗುಳಿಗೆ.

ಮನೆಯೊಳಗೆ ಬೀಡಿ ಸೇದುವ ಗಂಡ, ಹೊಗೆ ಹೋಗಲು ದಾರಿಯಿಲ್ಲದ ಅಡುಗೆಮನೆ, ಕೀಟನಾಶಕ ಸಿಂಪಡಿಸಿದ ಹೊಲಕ್ಕೆ ಕಳೆ ಕೀಳಲು ಕಳಿಸುವ ಮನೆಮಂದಿ, ಚೀಟಿಯಿಲ್ಲದೆ ಮಾತ್ರೆ ಕೊಡುವ ಅಂಗಡಿ ಇವೆಲ್ಲ ಅದೇ ತಟ್ಟೆಯ ಇಂದಿನ ರೂಪಗಳು. ಗರ್ಭಿಣಿ ಎಚ್ಚರದಿಂದಿರಬೇಕು, ನಿಜ. ಆದರೆ ಅವಳಿಗೆ ತಿಳಿಯದಂತೆ ಅವಳ ಅನ್ನವನ್ನೂ ಗಾಳಿಯನ್ನೂ ಸೇರುವ ವಿಷದ ಹೊಣೆಯನ್ನು ಅವಳ ಮೇಲೆ ಹೊರಿಸಲಾಗದು.

ಆ ವಿದ್ಯಾರ್ಥಿನಿಗೆ ಅಂದು ಕೊಡಲಾಗದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ. ರಾಣಿಯ ತಪ್ಪು ಏನೂ ಇಲ್ಲ, ತಂಗಿ. ಎಣ್ಣೆಯ ಪಾತ್ರೆಯನ್ನು ಹಿಡಿದಿದ್ದವರ ಕೈ ಕದಲಿತು.